ತವರಿಗೆ ಬರೋಕೂ ಮೋಟ್ರು

ಬೆಳಿಗ್ಗೆ ನಲ್ಲಿ ಬುಸ್ ಬುಸ್ ಅಂತ ಬರೀ ಗಾಳಿ ಬಿಡ್ತಿತ್ತು. ಕೊಡ ಇಟ್ಕೊಂಡು ಕಾಯ್ತಾ ಕೂತಿದ್ದೆ. ಅಷ್ಟೊತ್ತಿಗೆ ವಾರ್ಡಿನ ಅಭ್ಯರ್ಥಿ ಗೇಟಲ್ಲಿ ಕೈಮುಗಿದು ನಿಂತ್ರು. ಹಿಂದೆ ಹತ್ತು ಜನ.

"ಗೆದ್ರೆ 24 ಗಂಟೆನೂ ನೀರು, ಅಕ್ಕ."

ಪಕ್ಕದ್ಮನೆ ಅಜ್ಜಿ ಕಾಂಪೌಂಡ್ ಆಚೆಯಿಂದಾನೇ, "24 ಬೇಡ ಕಣಪ್ಪ, ಯಾವ ಗಂಟೆಗೆ ಬಿಡ್ತೀಯ ಹೇಳು ಸಾಕು" ಅಂದ್ರು.

ನಗು ತಡ್ಕೊಳಕ್ಕಾಗ್ಲಿಲ್ಲ.

ನಮ್ಮ ನಲ್ಲಿಗೆ ಬರೋ ಯಗಚಿ ಹೊಳೆ ಹುಟ್ಟೋದು ನಮ್ಮ ಬಾಬಾಬುಡನ್‌ಗಿರಿ ಸಾಲಲ್ಲೇ. ಇಳಿದು ಬೇಲೂರಿಗೆ ಹೋಗಿ, ಅಣೆಕಟ್ಟಲ್ಲಿ ನಿಂತು, ಪಂಪ್ ಹತ್ತಿ ವಾಪಸ್ ಚಿಕ್ಕಮಗಳೂರಿಗೆ ಬರ್ಬೇಕು. ತವರಿಗೆ ಬರೋಕೂ ಮೋಟ್ರು ಬೇಕು, ಪಾಪ! ಕರೆಂಟು ಹೋದ್ರೆ ಅದೂ ಇಲ್ಲ. ಅಭ್ಯರ್ಥಿ ಕೊಟ್ಟ ಕರಪತ್ರದಲ್ಲಿ ಇದರ ಬಗ್ಗೆ ಒಂದು ಸಾಲಿಲ್ಲ. ಹಿರೇಕೊಳಲೆ ಕೆರೆ ಮಾತ್ರ ಇತ್ತು, ಫೋಟೋದಲ್ಲಿ ತುಂಬಿ ತುಳುಕ್ತಾ.

ಆ ಕರಪತ್ರ ಈಗ ಖಾಲಿ ಕೊಡದ ಮೇಲಿದೆ. ನಲ್ಲಿ ಇನ್ನೂ ಬುಸ್ ಅಂತಾನೇ ಇದೆ.