ಲಾಂಚ್ ಆದ ಹಡಗು ಇನ್ನೂ ಹೊರಟಿರುವುದಿಲ್ಲ

ಕಾರವಾರದಲ್ಲಿ ಕುಳಿತು ಇಂಗ್ಲಿಷ್ ಪ್ರಕಟಣೆಗಳನ್ನು ಪತ್ರಿಕೆಗಾಗಿ ಕನ್ನಡಕ್ಕೆ ತರುವವನು ನಾನು. ಹೆಚ್ಚು ಕಾಡುವ ಕ್ರಿಯಾಪದ ಯಾವುದೆಂದು ಕೇಳಿದರೆ ‘ಲಾಂಚ್’ ಎನ್ನುತ್ತೇನೆ. ಯೋಜನೆ, ಆ್ಯಪ್, ಪುಸ್ತಕ, ರಾಕೆಟ್, ದಾಳಿ ಎಲ್ಲವೂ ಅಲ್ಲಿ ಲಾಂಚ್ ಆಗುತ್ತವೆ. ಎಲ್ಲಕ್ಕೂ ‘ಚಾಲನೆ’ ಎಂದು ಬರೆದು ಚಹಾ ಕುಡಿಯಲು ಏಳುವವರಿದ್ದಾರೆ. ದಾಳಿಗೆ ಚಾಲನೆಯಂತೆ! ದೀಪ ಬೆಳಗಿಸಿದವರು ಯಾರೋ.

ಅರ್ಗಾದ ಕದಂಬ ನೌಕಾನೆಲೆಯ ಪಕ್ಕದಲ್ಲಿದ್ದುಕೊಂಡು ಈ ಪದದ ವಿಷಯದಲ್ಲಿ ಉಡಾಫೆ ಮಾಡುವಂತಿಲ್ಲ. ಹಡಗಿನ ಲೋಕದಲ್ಲಿ ಲಾಂಚ್ ಬೇರೆ, ಕಮಿಷನ್ ಬೇರೆ. ವಿಮಾನವಾಹಕ ನೌಕೆ ವಿಕ್ರಾಂತ್ ಕೊಚ್ಚಿಯಲ್ಲಿ ಲಾಂಚ್ ಆದದ್ದು 2013ರ ಆಗಸ್ಟ್ 12ರಂದು. ಸಮುದ್ರ ಪರೀಕ್ಷೆಗೆ ಹೊರಟದ್ದು 2021ರ ಆಗಸ್ಟ್‌ನಲ್ಲಿ, ನೌಕಾಪಡೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ಮೊದಲನೆಯದು ಜಲಾವತರಣ, ಕೊನೆಯದು ಸೇವೆಗೆ ಸೇರ್ಪಡೆ. ಎರಡನ್ನೂ ‘ಲೋಕಾರ್ಪಣೆ’ ಎಂದು ಬರೆದರೆ ನಡುವಿನ ಒಂಬತ್ತು ವರ್ಷಗಳ ದುಡಿಮೆ ಮಾಯವಾಗುತ್ತದೆ.

ಈ ಕ್ರಿಯಾಪದ ಹಳೆಯ ಫ್ರೆಂಚಿನಿಂದ ಬಂದದ್ದು. ಈಟಿಗೆ ಹೇಳುವ ‘ಲಾನ್ಸ್’ ಇದರ ನೆಂಟ. ಎಸೆಯುವುದು, ಬೀಸಿ ಬಿಡುವುದು ಇದರ ಹುಟ್ಟುಗುಣ. ಹಾಗಾಗಿ ರಾಕೆಟ್ಟು, ಕ್ಷಿಪಣಿ, ದಾಳಿ ಇದಕ್ಕೆ ಸಲೀಸಾಗಿ ಒಗ್ಗುತ್ತವೆ. ‘ಬಿಗಿನ್’, ‘ಸ್ಟಾರ್ಟ್’ ಎಂಬವು ಯಾರ ಹಂಗೂ ಇಲ್ಲದೆ ನಡೆಯುತ್ತವೆ, ಮಳೆ ಸ್ಟಾರ್ಟ್ ಆಗಬಹುದು. ಮಳೆ ಲಾಂಚ್ ಆಗುವುದಿಲ್ಲ, ಏಕೆಂದರೆ ಇಲ್ಲಿ ದೂಡುವವನೊಬ್ಬ ಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೈತಖೋಲದ ಬೋಟುಗಳು ಹೊರಡುವಾಗ ‘ಮೀನುಗಾರಿಕೆ ಋತು ಲಾಂಚ್’ ಎಂದು ಯಾರಾದರೂ ಬರೆದರೆ ನನಗೆ ಮೈ ಉರಿಯುತ್ತದೆ. ‘ಲಾಂಚ್ ಇಂಟು’ ಎಂದಾಗ ಮಾತ್ರ ಮನುಷ್ಯ ತನ್ನನ್ನೇ ದೂಡಿಕೊಳ್ಳುತ್ತಾನೆ: ಮೈಕು ಸಿಕ್ಕೊಡನೆ ಭಾಷಣಕ್ಕೆ ಧುಮುಕುವವರ ಹಾಗೆ.

ಕಾಳಿ ನದಿಗೆ ಸೇತುವೆ ಬರುವ ಮೊದಲು ಸದಾಶಿವಗಡದ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಲಾಂಚಿಗೂ ಈ ಕ್ರಿಯಾಪದಕ್ಕೂ ರಕ್ತಸಂಬಂಧವಿಲ್ಲ. ದೋಣಿಯ ಹೆಸರು ಪೋರ್ಚುಗೀಸರ ‘ಲಾಂಚಾ’ದಿಂದ ಬಂದದ್ದು, ಅದರ ಹಿಂದೆ ಮಲಯ ಭಾಷೆಯಿದೆ ಎನ್ನುತ್ತಾರೆ. ನೀರಿನ ಮೇಲೆ ಒಟ್ಟಿಗೆ ಕಂಡ ಮಾತ್ರಕ್ಕೆ ಅಣ್ಣತಮ್ಮಂದಿರಾಗುವುದಿಲ್ಲ.

ಈಗ ಪ್ರಕಟಣೆ ಬಂದರೆ ದೂಡಿದ್ದು ಏನನ್ನು ಎಂದು ಮೊದಲು ನೋಡುತ್ತೇನೆ. ಉಪಗ್ರಹಕ್ಕೆ ಉಡಾವಣೆ, ಪುಸ್ತಕಕ್ಕೆ ಬಿಡುಗಡೆ, ತನಿಖೆಗೆ ಬರೀ ‘ಆರಂಭ’ ಸಾಕು. ಆ್ಯಪ್ ವಿಷಯದಲ್ಲಿ ಮಾತ್ರ ಇನ್ನೂ ಜಗಳವಿದೆ. ಮಂತ್ರಿಗಳು ಗುಂಡಿ ಒತ್ತುತ್ತಾರೆ; ಅದು ಬಿಡುಗಡೆಯೋ ಚಾಲನೆಯೋ ಎಂಬುದನ್ನು ಶೀರ್ಷಿಕೆಯಲ್ಲಿ ಉಳಿದ ಜಾಗ ನೋಡಿ ಪುಟ ವಿನ್ಯಾಸ ಮಾಡುವವರು ತೀರ್ಮಾನಿಸುತ್ತಾರೆ.