ಆ ಟೆಸ್ಟ್ ಅವನ ವಯಸ್ಸು ಕೇಳಿರಲಿಲ್ಲ

ರಾತ್ರಿ ಹತ್ತೂವರೆಗೆ ಮಗ ಮೊಬೈಲ್ ತಂದು ನನ್ನ ಮುಂದೆ ಹಿಡಿದ. ಪರದೆಯ ನಡುವೆ ದಪ್ಪ ಅಕ್ಷರದಲ್ಲಿ 88. "ಅಮ್ಮ, ನಾನು ದಡ್ಡ ಅಲ್ವಾ?" ಅಂದ. ಅವನಿಗಿನ್ನೂ 14. ಗೆಳೆಯರೆಲ್ಲ ಒಂದೇ ಆನ್‌ಲೈನ್ ಐಕ್ಯೂ ಟೆಸ್ಟ್ ಮಾಡಿ ಅಂಕ ಹಂಚಿಕೊಂಡಿದ್ದರಂತೆ. ಇವನದೇ ಎಲ್ಲರಿಗಿಂತ ಕಡಿಮೆ. ಏನು ಹೇಳಬೇಕೋ ತೋಚಲಿಲ್ಲ.

ಅವನು ಮಲಗಿದ ಮೇಲೆ ಅದೇ ಟೆಸ್ಟಿಗೆ ನಾನೂ ಕೂತೆ. ಒಂಬತ್ತು ಮನೆಯ ಚೌಕ, ಎಂಟರಲ್ಲಿ ಆಕೃತಿ, ಕೊನೆಯದು ಖಾಲಿ. ಕಪ್ಪು ಚುಕ್ಕೆ ಒಂದೊಂದೇ ಮೂಲೆ ದಾಟುತ್ತದೆ, ಗೆರೆ ಕಾಲು ಸುತ್ತು ತಿರುಗುತ್ತದೆ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಂಡರೆ ಮಾತ್ರ ಉತ್ತರ. 1938ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ರೇವನ್ ಪ್ರಕಟಿಸಿದ ಪರೀಕ್ಷೆಯ ಜಾಡು ಇದು. ನಡುವೆ ಒಂದು ಮೆಸೇಜ್ ಬಂತು, ಚುಕ್ಕೆಯ ಲೆಕ್ಕ ತಪ್ಪಿತು. ನನಗೆ 104. ಬೆಳಿಗ್ಗೆ ಎದ್ದು ಇನ್ನೊಂದು ಆ್ಯಪ್‌ನಲ್ಲಿ ಮಾಡಿದರೆ 127!

ಐಕ್ಯೂ ಅಂದರೆ ಸರಿಯುತ್ತರಗಳ ಎಣಿಕೆಯಲ್ಲ; ನಮ್ಮದೇ ವಯಸ್ಸಿನವರ ದೊಡ್ಡ ಗುಂಪಿನಲ್ಲಿ ನಾವೆಲ್ಲಿದ್ದೇವೆ ಅನ್ನುವ ಗುರುತು. ಸರಾಸರಿಯನ್ನು 100 ಅಂತಿಟ್ಟು, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರೊಳಗೆ ಬರುವಂತೆ ಅಂಕ ಹೊಂದಿಸುತ್ತಾರೆ. ಆ ಲೆಕ್ಕದಲ್ಲಿ 88 ಕೂಡ ಆ ದೊಡ್ಡ ಗುಂಪಿನೊಳಗೇ ಇದೆ. ಅದಿರಲಿ, ಆ ಟೆಸ್ಟ್ ಮಗನ ವಯಸ್ಸನ್ನೇ ಕೇಳಿರಲಿಲ್ಲ. 14ರ ಹುಡುಗನನ್ನು ಯಾರ ಜೊತೆ ತೂಗಿತು ಅದು? ನನಗೆ ಸಿಟ್ಟು ಬಂದದ್ದು ಇಲ್ಲಿ. 1905ರಲ್ಲಿ ಪ್ಯಾರಿಸ್‌ನಲ್ಲಿ ಮನಶ್ಶಾಸ್ತ್ರಜ್ಞರಾದ ಆಲ್ಫ್ರೆಡ್ ಬಿನೆ, ಥಿಯೊಡೋರ್ ಸಿಮೊನ್ ಬುದ್ಧಿಯ ಮೊದಲ ಅಳತೆಗೋಲು ಮಾಡಿದ್ದೇ ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸಲು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯುವುದಿಲ್ಲ ಅನ್ನುವುದನ್ನು ಬಿನೆ ಒಪ್ಪುತ್ತಲೇ ಇರಲಿಲ್ಲ.

ತಿಂಡಿ ಮುಗಿಸಿ ಮಗನನ್ನು ಎದುರಿಗೆ ಕೂರಿಸಿಕೊಂಡೆ. ಸೆಕೆಂಡಿಗೊಂದರಂತೆ ಅಂಕಿ ಹೇಳುತ್ತೇನೆ, ಹಿಂದಿನಿಂದ ಮುಂದಕ್ಕೆ ಹೇಳು ಅಂದೆ. ಮನಶ್ಶಾಸ್ತ್ರಜ್ಞರು ಎದುರು ಕೂತು ಮಾಡುವ ಪರೀಕ್ಷೆಗಳಲ್ಲಿ ಇಂಥದ್ದೂ ಒಂದು. ಅಲ್ಲಿ ಮಾತಿನ ತಿಳಿವಳಿಕೆ, ನೆನಪು, ವೇಗ ಎಲ್ಲವನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ನಾಲ್ಕು ಅಂಕಿ ಹೇಳಿದ, ಐದು ಹೇಳಿದ. 8, 3, 9, 1, 6, 2, 5 ಅಂದೆ. ಕಣ್ಣು ಮುಚ್ಚಿದ, ಗಾಳಿಯಲ್ಲಿ ಬೆರಳು ಬಲದಿಂದ ಎಡಕ್ಕೆ ಸರಿಯಿತು: "5, 2, 6, 1, 9, 3, 8."

ನನ್ನ ಸರದಿ ಬಂದಾಗ ಐದಕ್ಕೇ ತಡವರಿಸಿದೆ.

"ಹೇಗೋ ಮಾಡಿದೆ?"

"ಬೋರ್ಡ್ ಮೇಲೆ ಬರೆದ ಹಾಗೆ ಕಾಣತ್ತೆ, ಓದ್ತೀನಿ. ನಿನಗೆ ಕಾಣಲ್ವಾ?"

ಇಲ್ಲ. ನಾನು ಬಾಯೊಳಗೆ ಗುಣುಗುಣಿಸಿಕೊಂಡು ನೆನಪಿಟ್ಟುಕೊಳ್ಳುವವಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಲೆಕ್ಕ ಮಾಡುವಾಗ ಅವನು ಸೂರು ನೋಡುವುದೇಕೆ ಎಂದು ಗದರುತ್ತಿದ್ದೆ.

"ಇನ್ನೊಂದು ಹೇಳಮ್ಮ, ಎಂಟು ಅಂಕಿದು," ಅಂದು ಮತ್ತೆ ಕಣ್ಣು ಮುಚ್ಚಿದ.