2040ಕ್ಕೆ ಬರೆದಿಟ್ಟ ಕಾಗದಗಳು

ನನ್ನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಪುಣೆಯಲ್ಲಿದ್ದಾಳೆ. ಹದಿನೆಂಟು ತುಂಬುವುದು 2040ರಲ್ಲಿ. ಆಗ ನಾನಿದ್ದರೆ ಎಂಬತ್ತು ದಾಟಿರುತ್ತೇನೆ. ಇರದಿದ್ದರೂ ಅವಳ ಕೈಸೇರಲಿ ಅಂತ ಒಂದಷ್ಟು ಕಾಗದ ಬರೆದಿಡುತ್ತಿದ್ದೇನೆ. ಸಾಗರದ ಸುತ್ತಮುತ್ತ ಅಂಚೆ ಇಲಾಖೆಯಲ್ಲಿ ದುಡಿದು ರಿಟೈರ್ ಆದವನು ನಾನು. "ಊರವರ ಕಾಗದ ಹಂಚಿದ್ದು ಸಾಲದು ಅಂತ ಈಗ ನಿಮ್ಮದೇ ಬೇರೆ ಶುರುವಾಯ್ತಾ?" ಅಂತ ನನ್ನ ಹೆಂಡತಿ ನಗುತ್ತಾಳೆ.

ಮುಂದೆ ಓದುವವರಿಗೆ ಅಂತ ಕೂತರೆ ಪೆನ್ನು ತಾನಾಗಿಯೇ ಉಪದೇಶಕ್ಕೆ ಇಳಿಯುತ್ತದೆ. ಚೆನ್ನಾಗಿ ಓದು, ದೊಡ್ಡವರ ಮಾತು ಕೇಳು. ಹದಿನೆಂಟು ತುಂಬುವಷ್ಟರಲ್ಲಿ ಇದನ್ನು ಊರಿನವರೆಲ್ಲ ಅವಳಿಗೆ ಹೇಳಿ ಮುಗಿಸಿರುತ್ತಾರೆ. ನಾನೂ ಸೇರಿಕೊಳ್ಳುವುದು ಬೇಡ. ಸತ್ತವರ ಉಪದೇಶಕ್ಕೆ ಎದುರು ಮಾತಾಡೋಕೂ ಆಗಲ್ಲ ಅಲ್ವಾ, ಪಾಪ.

ಹಾಗಾದರೆ ಏನು ಬರೆಯಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಒಂದು ಇನ್‌ಲ್ಯಾಂಡ್ ಲೆಟರ್. ತೊಂಬತ್ತರ ದಶಕದ ಮಾತು. ನಮ್ಮ ಕಡೆಯ ಹುಡುಗನೊಬ್ಬ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ. ಅವನು ತೀರಿಕೊಂಡ ಸುದ್ದಿ ಪಕ್ಕದ ಮನೆಯ ಫೋನಿಗೆ ಬಂತು. ಅವನೇ ಹಾಕಿದ್ದ ಕಾಗದ ಆಮೇಲೆ ನಮ್ಮ ಬ್ಯಾಗಿನಲ್ಲಿ ಬಂತು. ಅವನ ಅಮ್ಮನಿಗೆ ಓದಲು ಬಾರದು. ನಾನೇ ಹೋಗಿ ಓದಿದೆ. ಇಲ್ಲಿ ಮಳೆ ಜೋರು. ಚಪ್ಪಲಿ ಕಿತ್ತುಹೋಗಿತ್ತು, ಹೊಸದು ತಗೊಂಡೆ. ಕೆಂಪಿ ಕರು ಹಾಕಿತಾ? ಅಪ್ಪನ ಕೆಮ್ಮು ಹೇಗಿದೆ? ಇಷ್ಟೇ. ಆಯಮ್ಮ ಚಪ್ಪಲಿಯ ಸಾಲನ್ನು ಮತ್ತೆ ಮತ್ತೆ ಓದಿಸಿದರು. "ಎಷ್ಟು ಕೊಟ್ಟನಂತೆ?" ಅಂತ ಕೇಳಿದರು. ಬೆಲೆ ಬರೆದಿರಲಿಲ್ಲ.

ಹಾಗಾಗಿ ನಾನು ಬೆಲೆ ಬರೆಯುತ್ತೇನೆ. ಸಾಗರದ ಸಂತೆಯಲ್ಲಿ ಈ ವಾರ ಬೀನ್ಸ್ ಎಷ್ಟು, ಅಡಿಕೆ ಧಾರಣೆ ಏರಿತಾ ಇಳಿಯಿತಾ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಜನ ಸಿಕ್ಕರಾ ಇಲ್ಲವಾ. ಮೊಮ್ಮಗಳ ಅಮ್ಮ ಸಣ್ಣವಳಿದ್ದಾಗ ಬಾವಿಕಟ್ಟೆ ಮೇಲೆ ಕೂತು ಯಾವ ಹಾಡು ಹೇಳುತ್ತಿದ್ದಳು. ಇವಳು ಹೋದ ರಜೆಯಲ್ಲಿ ಬಂದಾಗ ಇಂಬಳಕ್ಕೆ, ಅಂದರೆ ನಮ್ಮ ಕಡೆಯ ಜಿಗಣೆಗೆ, ಹೆದರಿ ನನ್ನ ಹೆಗಲಿಂದ ಇಳಿಯಲೇ ಇಲ್ಲ ಅನ್ನುವುದನ್ನೂ ಬರೆದಿದ್ದೇನೆ. ಹದಿನೆಂಟಕ್ಕೆ ನಾಚಿಕೆ ಆಗಬಹುದು, ಆಗಲಿ.

ನನ್ನ ಹೆಂಡತಿ ಕಾಗದ ಬರೆಯಲು ಒಪ್ಪಲಿಲ್ಲ. "ಹೇಳೋದಿದ್ರೆ ಫೋನ್ ಮಾಡಿ ಹೇಳ್ತೀನಿ ಕಣ್ರೀ" ಅಂದಳು. ಕೊನೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನಾದರೂ ಹೇಳು, ನಾನು ಬರೆದುಕೊಳ್ಳುತ್ತೇನೆ ಅಂದೆ. ಅಲ್ಲಿ ಶುರುವಾಯಿತು ಜಗಳ. ಉಪ್ಪು ಎಷ್ಟು? "ಬೇಕಾದಷ್ಟು." ಬೇಕಾದಷ್ಟು ಅಂದರೆ? "ಮಿಡಿ ನೋಡಿದ್ರೆ ಗೊತ್ತಾಗತ್ತೆ." 2040ರಲ್ಲಿ ಪುಣೆಯ ಹುಡುಗಿಗೆ ಮಿಡಿ ನೋಡಿ ಏನು ಗೊತ್ತಾಗಬೇಕು? ಹೆಂಡತಿ ಭರಣಿಗೆ ಹಾಕುವ ಮೊದಲು ಪ್ರತಿ ಹಿಡಿ ಕಲ್ಲುಪ್ಪನ್ನೂ ಕಿತ್ತುಕೊಂಡು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದೆ. ಸಾಸಿವೆ, ಮೆಣಸಿನಕಾಯಿಗೂ ಹಾಗೇ. ಆ ಹಾಳೆಯ ಮೂಲೆಗೆ ಅರಿಶಿನದ ಬೆರಳಚ್ಚು ಬಿದ್ದಿದೆ. ನಮ್ಮವಳು ಬೈದ ಬೈಗುಳವನ್ನೂ ಹಾಗೇ ಸೇರಿಸಿದ್ದೇನೆ.

ಇನ್ನು ಕಾಗದ ಉಳಿಯಬೇಕಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಒಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಜೆಲ್ ಪೆನ್ನಿನ ಅಕ್ಷರಕ್ಕೆ ನೀರು ತಾಗಿದರೆ ಹರಡುತ್ತದೆ, ಅದಕ್ಕೇ ಬಾಲ್ ಪೆನ್. ಸ್ಟೇಪ್ಲರ್ ಪಿನ್ ತುಕ್ಕು ಹಿಡಿದು ಹಾಳೆ ತಿನ್ನುತ್ತದೆ, ಅದಕ್ಕೇ ಸೂಜಿ ದಾರ. ಗೋಂದು ಹಚ್ಚಲ್ಲ, ಹಿಟ್ಟಿನ ಅಂಟು ಅಂದರೆ ಬೆಳ್ಳಿಮೀನು ಹುಳಕ್ಕೆ ಊಟ. ಲ್ಯಾಮಿನೇಷನ್ ಮಾಡಿಸಿ ಅಂತ ಜೆರಾಕ್ಸ್ ಅಂಗಡಿಯ ಹುಡುಗ ಹೇಳಿದ. ಬೇಡ ಅಂದೆ, ಒಳಗೆ ತೇವ ಸಿಕ್ಕಿಕೊಂಡರೆ ಹೊರಗೆ ಬರಲು ದಾರಿಯೇ ಇಲ್ಲ.

ಅಳಿಯ ಐಟಿಯವರು. "ಮಾವ, ಜಿಮೇಲಲ್ಲಿ ಶೆಡ್ಯೂಲ್ ಮಾಡಿಬಿಡಿ, ಆ ದಿನಕ್ಕೆ ತಾನಾಗೇ ಹೋಗತ್ತೆ" ಅಂದರು. ನೋಡಿದೆ. ಆದರೆ ಎರಡು ವರ್ಷ ಮುಟ್ಟದ ಅಕೌಂಟನ್ನು ಗೂಗಲ್ ಅಳಿಸಬಹುದು ಅನ್ನುವ ನಿಯಮ 2023ರಲ್ಲಿ ಬಂದಿದೆ. ಅಕೌಂಟೇ ಹೋದ ಮೇಲೆ ಅದರಲ್ಲಿಟ್ಟ ಕಾಗದವನ್ನು ಯಾರು ಕೊಡುತ್ತಾರೆ? ಅದಕ್ಕೊಂದು ಉಪಾಯವನ್ನೂ ಗೂಗಲ್‌ನವರೇ ಮಾಡಿಟ್ಟಿದ್ದಾರೆ. ಇನ್ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ. ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಗಡುವು ಇಡಬಹುದು. ಅಷ್ಟು ಕಾಲ ನಮ್ಮ ಸುಳಿವಿಲ್ಲದಿದ್ದರೆ ನಾವು ಹೇಳಿದವರಿಗೆ ಮೇಲ್ ಹೋಗುತ್ತದೆ. ಮಗಳ ಹೆಸರು ಹಾಕಿಟ್ಟಿದ್ದೇನೆ. ಪೂರ್ತಿ ನಂಬಿದ್ದೇನೆ ಅಂತಲ್ಲ. ಟೆಲಿಗ್ರಾಮ್, ಅಂದರೆ ತಂತಿ ಸುದ್ದಿ, 2013ರಲ್ಲಿ ನಿಂತಿತು. ಸರ್ವೀಸ್ ಪೂರ್ತಿ ನಾನು ಬುಕ್ ಮಾಡಿದ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಸರ್ಕಾರದ್ದೇ ಹೀಗಾದರೆ ಕಂಪನಿಗಳದ್ದು ಕೇಳಬೇಕಾ?

ನನಗೆ ಇದಕ್ಕಿಂತ ಜಾಸ್ತಿ ಇರುವ ಚಿಂತೆ ಬೇರೆ. ಮೊಮ್ಮಗಳಿಗೆ ಕನ್ನಡ ಓದಲು ಬರುತ್ತದಾ? ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಅಕ್ಷರ ಕಲಿಸುವುದು ಮಗಳ ಪುರುಸೊತ್ತಿನ ಮೇಲೆ. ಹಾಗಂತ ಇಂಗ್ಲಿಷಿನಲ್ಲಿ ಬರೆದರೆ ಅದು ನಾನಲ್ಲ, ಇಲಾಖೆಯ ಸುತ್ತೋಲೆ. ಹಾಗಾಗಿ ಪ್ರತಿ ಕಾಗದವನ್ನೂ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. 1977ರಲ್ಲಿ ಹಾರಿಸಿದ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಲೇಪದ ಧ್ವನಿತಟ್ಟೆಯಲ್ಲೂ ಕನ್ನಡ ಧ್ವನಿ ಇದೆ, ಗೊತ್ತಲ್ಲ? ಐವತ್ತೈದು ಭಾಷೆಗಳ ಶುಭಾಶಯದಲ್ಲಿ ಕನ್ನಡಿಗರ ಪರವಾಗಿಯೂ ಒಂದು. ತಟ್ಟೆಯ ಹೊದಿಕೆಯ ಮೇಲೆ ಪಲ್ಸಾರ್ ಅನ್ನುವ ನಕ್ಷತ್ರಗಳ ಗುರುತಿಟ್ಟು ನಮ್ಮ ಸೂರ್ಯ ಎಲ್ಲಿದ್ದಾನೆ ಅಂತ ಕೆತ್ತಿದ್ದಾರೆ. ಕಳಿಸಿದವರ ವಿಳಾಸ ಪಕ್ಕಾ, ತಗೊಳ್ಳುವವರ ಜಾಗ ಖಾಲಿ. ನಮ್ಮ ಆಫೀಸಿಗೆ ಬಂದಿದ್ದರೆ ಬುಕ್ ಮಾಡುತ್ತಲೇ ಇರಲಿಲ್ಲ.

ನನ್ನ ಕಾಗದಗಳಿಗೆ ವಿಳಾಸವಿದೆ, ರಿಜಿಸ್ಟರ್ ಕೂಡ ಇದೆ. ಹಳೇ ಅಭ್ಯಾಸ. ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕಾಗದದ ನಂಬರು, ಯಾವ ವರ್ಷ ಕೊಡಬೇಕು, ಯಾರು ಕೊಡಬೇಕು ಅಂತ ಬರೆದಿದ್ದೇನೆ. "ಮದುವೆಯ ದಿನ ಓದು" ಅನ್ನುವ ಕಾಗದ ಬರೆದಿಲ್ಲ. ಅವಳು ಮದುವೆ ಆಗದಿದ್ದರೆ? ಬೇಡದ ಕಾಗದ ಮನೆಯಲ್ಲಿದ್ದರೆ ಅದೊಂದು ಒತ್ತಾಯ. ವಯಸ್ಸಿಗೊಂದು, ಮೊದಲ ಸಂಬಳಕ್ಕೊಂದು, ಸುಮ್ನೆ ಬೇಜಾರಾದಾಗ ಓದಲು ಒಂದು. ಮೂಲ ಮಗಳ ಹತ್ತಿರ. ಜೆರಾಕ್ಸ್ ಶಿವಮೊಗ್ಗದಲ್ಲಿರುವ ತಮ್ಮನ ಮಗಳ ಹತ್ತಿರ. ಅವಳಿಂದ ಸಹಿ ಹಾಕಿಸಿಕೊಂಡೆ. "ದೊಡ್ಡಪ್ಪ, ನನ್ನನ್ನೂ ಪೋಸ್ಟ್‌ವುಮನ್ ಮಾಡಿದ್ರಲ್ಲ" ಅಂದಳು, ಆದರೂ ತಾರೀಕು ಸಮೇತ ಹಾಕಿದಳು.

ಈಗ ಬರೆಯುತ್ತಿರುವುದು 2043ರದ್ದು. 2022ರಲ್ಲಿ ಮಗಳು ಇವಳ ಹೆಸರಿಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಳು. ತೆರೆದ ದಿನದಿಂದ ಇಪ್ಪತ್ತೊಂದು ವರ್ಷಕ್ಕೆ ಅದು ಮೆಚ್ಯೂರ್ ಆಗುತ್ತದೆ. ಪ್ರತಿ ವರ್ಷ ನಾನೂ ಸ್ವಲ್ಪ ಕೊಡುತ್ತೇನೆ. ಆ ಪಾಸ್‌ಬುಕ್ ಜೊತೆ ಇಡಲು ಎರಡು ಹಾಳೆ ತುಂಬಿಸಿದ್ದೇನೆ, ಮೂರನೆಯದು ನಡೆಯುತ್ತಿದೆ. ಜಾಸ್ತಿ ಆಯಿತಾ, ಅಷ್ಟೊಂದು ಓದುತ್ತಾಳಾ ಅಂತ ಹೆಂಡತಿಯನ್ನು ಕೇಳಿದೆ. "ದುಡ್ಡಿನ ಜೊತೆ ಇಟ್ರೆ ಓದ್ತಾಳೆ ಬಿಡಿ" ಅಂದಳು.